ಕಾಲು ನೋಡಿ ವೆಬ್‌ಸೈಟಿನವರನ್ನ ಆರಿಸಿದ್ದು

ಹೆಣಿಗಿ ಕಲ್ಯಾಕ ಬಂದ ಹುಡುಗ್ಯಾರ್ರ, ಮೊದಲ ನನ್ನ ಬಲಗೈ ಹೆಬ್ಬೆರಳಿನ ಉಗುರು ನೋಡ್ರಿ. ಹುಟ್ಟಿದಾಗ ಅದು ನಿಮ್ಮ ಉಗುರಿನಂಗನ ಇತ್ತು. ಈಗ ಆಮಿ ಬೆನ್ನಿನಂಗ ಆಗೇತಿ. ನಲವತ್ತು ವರ್ಷ ಚರ್ಮದ ಎಳಿ ಒತ್ತಿ ಒತ್ತಿ ಹಂಗಾತು. ಇದನ್ನ ನೋಡಿನೂ ನಾಳಿ ಬರತೀನಿ ಅನ್ನಾಕಿ ಅಷ್ಟ ಬರ್ರಿ.

ನಾ ಬಾಳವ್ವ. ಸಾಲಿ ಕಲತದ್ದು ನಾಕನೇತ್ತೆ ತನಕ. ಒತ್ತಕ್ಷರ ಬಂದಲ್ಲೆ ಇವತ್ತಿಗೂ ನಿಂತು ಉಸಿರು ತುಗೊಂಡು ಮುಂದ ಹೋಗತೀನಿ. ನನ್ನ ಮೊಮ್ಮಗಳು ರೇಣು ಅದಾಳಲ್ಲ, ನಿಮಗ ಕಲಿಸಾಕತ್ತಾಳಲ್ಲ, ಅಕಿನ ಹೇಳಿದ್ಲು: "ಆಯಿ, ನಿನ್ನ ಕೆಲಸದ ಕಥಿ ಬರದಿಡು, ಹುಡುಗ್ಯಾರಿಗೆ ಓದಿ ಹೇಳತೀನಿ." ಬಾಯಿಲೆ ಹೇಳತೀನಿ ಬಿಡ ಅಂದೆ. "ಬಾಯಿಲೆ ಹೇಳಾಕ ಕೂತ್ರ ನೀ ಎರಡನೇ ಮಾತಿಗೇ ನನ್ನ ಹೊಗಳಾಕ ಹತ್ತತಿ, ಕೆಲಸದ ಮಾತು ಅಲ್ಲೇ ಉಳೀತೈತಿ" ಅಂದ್ಲು. ಖರೇ ಐತಿ. ಈಗೂ ಪೆನ್ನು ಅಕಿ ಕಡೇನ ಎಳ್ಯಾಕತ್ತೈತಿ. ಎಷ್ಟ ಶಾಣ್ಯಾಕಿ, ಎಷ್ಟ ಗಟ್ಟಿಗಿತ್ತಿ ಅಂತ ಬರ್ಯಾಕ ಹೋದ್ರ ಈ ವಹಿ ಸಾಲೂದಿಲ್ಲ. ತಡಕೊಂಡು ಬರೀತೀನಿ.

ನಾ ಹುಟ್ಟಿದ್ದು ಜುಗೂಳ. ಹೊಳಿ ದಂಡಿ ಊರು. ತವರಿನಾಗ ಹೊಲದ ಕೂಲಿ ಮಾಡಿದಾಕಿ, ಚರ್ಮ ಮುಟ್ಟಿದ್ದು ಲಗ್ನಾಗಿ ಅಥಣಿಗೆ ಬಂದ ಮ್ಯಾಲ. ಈ ಓಣ್ಯಾಗ ಮನಿಮನಿಗೆ ಚಪ್ಪಲಿ ಕೆಲಸ. ಗಂಡಸ್ರು ಎಮ್ಮಿ ಚರ್ಮದ ತಳಾ ಕೊಯ್ದು ಕಲ್ಲಿನ ಮ್ಯಾಲ ಬಡೀತಾರ. ಹೆಂಗಸ್ರು ಆಡಿನ ಚರ್ಮ ದಾರದಂಗ ಸೀಳಿ ಮ್ಯಾಲಿನ ಪಟ್ಟಿ ಹೆಣೀತಾರ. ಒಂದ ಮೊಳಿ ಇಲ್ಲ, ಚರ್ಮಕ್ಕ ಚರ್ಮದ್ದ ಹೊಲಿಗಿ. ಮಂದಿ ಚಪ್ಪಲಿ ಕೊಳ್ಳೂಮುಂದ ನೋಡೂದು ಆ ಹೆಣಿಗಿನ. ಹೆಸರು ಮಾತ್ರ ಹೆಣದಾಕಿದು ಇರೂದಿಲ್ಲ. ಆ ಮಾತಿಗೆ ಆಮ್ಯಾಲ ಬರತೀನಿ.

ನನ್ನ ಸಾಹೇಬ್ರು ಅಂದ್ರ ನಮ್ಮತ್ತಿ. ಅಂಥಾ ಸಾಹೇಬ್ರು ಯಾವ ಕಚೇರ್ಯಾಗೂ ಇರಲಿಕ್ಕಿಲ್ಲ. ಬೈಯ್ತಿರಲಿಲ್ಲ. ನಾ ಇಡೀ ದಿನ ಹೆಣದಿದ್ದನ್ನ ಚಾ ಕುಡ್ಯೂದರಾಗ ಬಿಚ್ಚಿ, ಎಳಿ ಎಳಿ ಮಾಡಿ ಮಡಿಲಾಗ ಹಾಕತಿದ್ಲು. ಅಷ್ಟ. ಪೈಲಾ ದೊಡ್ಡ ಕೆಲಸ ಅಂತ ನನ್ನ ಕೈಗೆ ಬಂದಿದ್ದು ತೆಲಸಂಗದ ಒಬ್ಬ ಮದಿಮಗನ ಜೋಡು. ನಾ ಹುರುಪಿಲೆ ಎರಡ ದಿನ ಎದ್ದೇಳಲಾರದ ಹೆಣದೆ. ಜರಿ ಹಾಕಿದೆ, ಗೊಂಡೆ ಕಟ್ಟಿದೆ. ಅತ್ತಿ ಕೈಯಾಗ ಕೊಟ್ಟು ಹೊಗಳ್ತಾಳಂತ ನಿಂತೆ. ಅಕಿ ಎರಡನ್ನೂ ಬಾಜೂಕ ಬಾಜೂಕ ಇಟ್ಟು ನೋಡಿ ಕೇಳಿದ್ಲು:

"ಏನಬೇ ಬಾಳವ್ವ, ಮದಿಮಗನಿಗೆ ಎರಡೂ ಎಡಗಾಲು ಇದ್ರ ಹೆಣ್ಣಿನವ್ರು ಹೆಣ್ಣ ಕೊಡತಿದ್ರೇನು?"

ಎರಡೂ ಎಡಗಾಲಿನವು ಹೆಣದಿದ್ದೆ. ನಮ್ಮನಿಯವ್ರು ಆವತ್ತ ನಕ್ಕ ನಗು ಇನ್ನೂ ಮುಗಿದಿಲ್ಲ. ಯಾರ ಮನ್ಯಾಗ ಲಗ್ನ ಅಂದ್ರೂ "ಬಾಳವ್ವನ್ನ ಕರೀಬ್ಯಾಡ್ರಿ, ಮದಿಮಗಾ ಬಲಕ್ಕ ತಿರಗಾಕ ಆಗೂದಿಲ್ಲ" ಅಂತಾರ. ಆವತ್ತಿಂದ ನಾ ಒಂದ ರೂಢಿ ಮಾಡ್ಕೊಂಡೆ. ಬಲಗಾಲಿನ ಹೆಣಿಗಿ ಮುಗಿಸೂಮುಂದ ಕಡೀ ಎಳಿ ಒಂದ ಸುತ್ತಿನ ಬದಲಿ ಎರಡ ಸುತ್ತು ಹಾಕತೀನಿ, ನನಗ ಗುರುತಿಗೆ. ಓಣ್ಯಾಗ ಬ್ಯಾರೆ ಯಾರೂ ಹಂಗ ಹಾಕೂದಿಲ್ಲ.

ಅತ್ತಿ ಕಲಿಸಿದ ಇನ್ನೊಂದ ಮಾತು ಬರಕೋರಿ. ಅಳತಿ ತುಗೊಳ್ಳೂಮುಂದ ನಾ ಭಾಳ ಮಾತಾಡತಿದ್ದೆ. ಇದು ಚಲೋ ಕಾಣತೈತ್ರಿ, ಇದು ತುಗೋರಿ, ಈ ಬಣ್ಣ ನಿಮಗ ಒಪ್ಪತೈತ್ರಿ. ಅತ್ತಿ ಗಿರಾಕಿ ಹೋದಮ್ಯಾಲ ಅಂದ್ಲು: "ಕಾಲು ಅವಂದು. ನೀ ಯಾಕ ಮಾತಾಡತಿ? ಕಾಗದದ ಮ್ಯಾಲ ಕಾಲ ಇಡಸು, ಎಲ್ಲಿ ಒತ್ತತೈತಿ ಅಂತ ಕೇಳು, ಸುಮ್ಮನಾಗು." ಈ ಮಾತು ನಾ ಚಪ್ಪಲಿ ಮಟ್ಟಿಗೆ ನೆಪ್ಪಿಟ್ಟೆ. ಬ್ಯಾರೆ ಕಡೆ ಮರತೆ. ಮರತದ್ದಕ್ಕ ಏನಾತು ಅನ್ನೂದ ಈ ಕಥಿ.

ಈಗ ಹೆಸರಿನ ಮಾತು. ನಮ್ಮ ಮಾಲು ಒಯ್ಯಾಕ ಸಂತಿ ದಿನಾ ಒಬ್ಬ ವ್ಯಾಪಾರಿ ಬರತಿದ್ದ. ನಾವು ಶೇಠಜಿ ಅಂತಿದ್ವಿ. ಜೋಡು ಎಣಿಸಿ ಚೀಲಕ್ಕ ತುಂಬಿ ಒಯ್ದು, ಅಲ್ಲೆ ತನ್ನ ಹೆಸರಿನ ಶಿಕ್ಕಾ ಒತ್ತಿ ಮಾರತಿದ್ದ. ಒಮ್ಮೆ ನಾನು ನಮ್ಮನಿಯವ್ರು ದೇವಿ ದರ್ಶನಕ್ಕಂತ ಕೊಲ್ಲಾಪುರಕ್ಕ ಹೋದ್ವಿ. ಅಂಗಡಿ ಸಾಲಿನ್ಯಾಗ ಗಾಜಿನ ಹಿಂದ ಒಂದ ಜೋಡು. ನೋಡತೀನಿ, ಬಲಗಾಲಿಂದರ ಕಡೀ ಎಳಿ ಎರಡ ಸುತ್ತು! ನನ್ನ ಹೆಣಿಗಿ. ಕಳದ ಕೂಸಿನ್ನ ಜಾತ್ರ್ಯಾಗ ಕಂಡಂಗಾತು, ಓಡಿ ಹೋಗಿ ಕೈ ಹಚ್ಚಿದೆ. ಅಂಗಡ್ಯಾಂವ ಮರಾಠ್ಯಾಗ ಅಂದ: "ಮಾವಶಿ, ಹಾತ್ ಲಾವೂ ನಕಾ. ಅಸಲ್ ಮಾಲ್ ಆಹೇ." ಮುಟ್ಟಬ್ಯಾಡ, ಇದು ಅಸಲಿ ಮಾಲು ಅಂತ.

ಹೊರಗ ಬಂದಮ್ಯಾಲ ನಮ್ಮನಿಯವ್ರು ಕೇಳಿದ್ರು, "ಮಾಡಿದಾಕಿ ನಾನ ಅಂತ ಹೇಳಬಾರದೇನ?"

"ಏನಂತ ಹೇಳಲಿ? ಶಿಕ್ಕಾ ಅವಂದು."

ಆವತ್ತ ದರ್ಶನಾ ನೆಟ್ಟಗ ಆಗಲಿಲ್ಲ. ದೇವಿ ಮುಂದ ನಿಂತು ಅಕಿ ಪಾದದ ಮ್ಯಾಲ ಯಾರ ಶಿಕ್ಕಾ ಐತಿ ಅಂತ ನೋಡಿದ್ನೋ ಏನೋ, ಏನೂ ಬೇಡಿಕೊಳ್ಳದ ಬಂದೆ.

ವರ್ಷ ಹೋದ್ವು. ಅಂಟು ಬಂತು, ಮಶೀನು ಬಂತು, ತಳದಾಗ ರಟ್ಟು ತುಂಬೂದು ಬಂತು. ನಾವು ನಮ್ಮ ಮನ್ಯಾಗ ಕೈಹೊಲಿಗಿ ಬಿಡಲಿಲ್ಲ. ಛಲಾ ಅಂತ ತಿಳೀಬ್ಯಾಡ್ರಿ, ಬ್ಯಾರೇದು ಬರತಿರಲಿಲ್ಲ. ಎರಡ ವರ್ಷದ ಹಿಂದ ನನ್ನ ಕಣ್ಣಿಗೆ ಎಳಿ ಕಾಣದಂಗಾತು. ಚರ್ಮಕ್ಕ ಚುಚ್ಚೂ ಆರಿ ಬೆರಳಿಗೇ ಹೋಗಾಕ ಹತ್ತಿತು. ಸೊಸಿ ಕೈಗೆ ಸಾಮಾನ ಕೊಟ್ಟು ಕಟ್ಟಿ ಮ್ಯಾಲ ಕೂತೆ. ನಿವೃತ್ತಿ ಅಂದ್ರ ನಮ್ಮಲ್ಲೆ ಇಷ್ಟ: ಹಾರ ಇಲ್ಲ, ಭಾಷಣ ಇಲ್ಲ, ಇಷ್ಟದಿನ ಚಾ ತಂದು ಕೊಡತಿದ್ರು, ಈಗ ಚಾ ಮಾಡ ಅಂತಾರ.

ನಾ ಕೂತ ಮ್ಯಾಲ ಒಂದ ಬಿಟ್ಟೂ ಬಿಡದ ಹಳೇ ಛಟಾ ಇನ್ನೂ ಬೆಳೀತು. ನಲವತ್ತು ವರ್ಷ ಮಂದಿ ಕಾಲ ನೋಡಿ ನೋಡಿ, ಕಾಲಾಗಿನ ಚಪ್ಪಲಿ ನೋಡಿ ಮನಷ್ಯಾನ ಗುಣಾ ಹೇಳತೀನಿ ಅನ್ನೂ ಸೊಕ್ಕು. ಹಿಮ್ಮಡ ಒಂದ ಕಡೆ ಸವೆದಿದ್ರ ಸಿಟ್ಟಿನಾಂವ. ಮುಂದ ಸವೆದಿದ್ರ ಅವಸರದಾಂವ. ಎಣ್ಣಿ ಹಚ್ಚಿ ಇಟಗೊಂಡಿದ್ರ ಮಾತಿಗೆ ನಿಲ್ಲಾಂವ. ನನ್ನ ಅಳಿಯನ್ನೂ ಹಂಗ ಆರಿಸಿದಾಕಿ ನಾ. ಅಂವ ಛಲೋನ ಅದಾನ. ಖರೇ ಆವತ್ತ ಕನ್ಯಾ ನೋಡಾಕ ಬಂದಾಗ ಅಂವ ಹಾಕ್ಕೊಂಡಿದ್ದು ಅವರ ಅಣ್ಣನ ಚಪ್ಪಲಿ ಅಂತ ಹನ್ನೆರಡ ವರ್ಷದ ಮ್ಯಾಲ ಗೊತ್ತಾತು. ಆದ್ರೂ ಸೊಕ್ಕು ಇಳೀಲಿಲ್ಲ.

ರೇಣು ಇಲ್ಲೇ ಕಾಲೇಜು ಮುಗಿಸಿ ಮನಿ ಕೆಲಸಕ್ಕ ಕೂತಾಗ ಒಂದ ದಿನಾ ಅಂದ್ಲು, "ಆಯಿ, ನಾವ ಮಾರೂಣು. ವೆಬ್‌ಸೈಟ್ ಮಾಡಸೂಣು. ಫೋನಿನ್ಯಾಗ ಅಂಗಡಿ ಇದ್ದಂಗ ಅದು. ನಿನ್ನ ಹೆಸರಲೆ."

"ಯಾರ ಹೆಸರಲೆ?"

"ನಿನ್ನ ಹೆಸರಲೆ. ಬಾಳವ್ವನ ಚಪ್ಪಲಿ ಅಂತ."

ವೆಬ್‌ಸೈಟ್ ಅಂದ್ರ ಏನು ಅಂತ ತಿಳಿಯೂ ಮೊದಲ ಓಣಿ ತುಂಬ ಹೇಳಿ ಬಂದೆ. ಹಿಟ್ಟಿನ ಗಿರಣಿ ಮುಂದ ಪಾಳಿ ಹಚ್ಚಿದವ್ರಿಗೂ ಹೇಳಿದೆ. ಹಿಟ್ಟು ಅಲ್ಲೇ ಬಿಟ್ಟು ಬಂದೆ.

ಈಗ ಮಾಡಿಕೊಡೂವ್ರನ್ನ ಆರಿಸಬೇಕಲ್ಲ. ಮೊದಲ ದೂರದ ಊರಿಂದ ಒಬ್ಬಾಂವ ಹಿಂದಿ ಭಾಷಾದಾಗ ಫೋನ್ ಮಾಡಿದ. ಒಂದ ತಾಸಿನ್ಯಾಗ ವೆಬ್‌ಸೈಟ್ ತಯಾರ ಅಂದ. ನಮ್ಮನಿಯವ್ರು ತಳಾ ಬಡ್ಯೂದು ನಿಲ್ಲಿಸಿ ಅಂದ್ರು, "ಒಂದ ತಾಸಿನ್ಯಾಗ ಚರ್ಮ ನೆನ್ಯಾಂಗಿಲ್ಲ. ಇಡು ಫೋನು." ಅದು ಅಲ್ಲಿಗೆ ಮುಗೀತು.

ಆಮ್ಯಾಲ ನಾನು ರೇಣು ಒಂದ ದಿನಾ ಬಸ್ ಹತ್ತಿದ್ವಿ. ಮೊದಲ ಚಿಕ್ಕೋಡಿ, ಅಲ್ಲಿಂದ ನಿಪ್ಪಾಣಿ. ಚಿಕ್ಕೋಡ್ಯಾಗ ಒಂದ ಝರಾಕ್ಸ್ ಅಂಗಡಿ ಮ್ಯಾಲ ಸಣ್ಣ ಖೋಲಿ. ಸವಿತಾ ಅಂತ ಹುಡುಗಿ. ರೇಣುಕಿಂತ ನಾಕ ವರ್ಷಕ್ಕ ದೊಡ್ಡಾಕಿ ಇರಬೇಕು. ಒಬ್ಬಾಕಿನ ಕೂತು ಎಲ್ಲಾ ಮಾಡಾಕಿ. ಬಾಗಲಾಗ ಅಕಿ ಚಪ್ಪಲಿ ನೋಡಿದೆ. ನೀಲಿ ರಬ್ಬರ್ ಚಪ್ಪಲಿ. ಎಡಗಾಲಿಂದರ ಉಂಗುಟ ಕಿತ್ತಿತ್ತು, ಪಿನ್ನ ಚುಚ್ಚಿ ನಿಲ್ಲಿಸಿದ್ಲು. ನನ್ನ ಮನಸ್ಸಿನ್ಯಾಗ ಅಲ್ಲೇ ಬಾಗಲಾ ಹಾಕ್ಕೊಂತು.

ಒಳಗ ಅಕಿ ಪ್ರಶ್ನಿ ಕೇಳಾಕ ಹತ್ತಿದ್ಲು. ವಾರಕ್ಕ ಎಷ್ಟ ಜೋಡು ಕೊಡಾಕ ಆಗತೈತ್ರಿ? ಗಿರಾಕಿ ಫೋನ್ ಮಾಡಿದ್ರ ಯಾರ ಎತ್ತಾರ್ರಿ? ಅಳತಿ ಹ್ಯಾಂಗ ತುಗೋತೀರಿ? ಹೊಸಾ ಫೋಟೋ ಹಾಕೂದು ನೀವ ಕಲೀತೀರೇನು? ಗಂಡಸ್ರ ಚಪ್ಪಲಿ ಸಪ್ಪಳ ಮಾಡತಾವಲ್ಲ, ಅದನ್ನ ಬರೀಬೇಕಲ್ರಿ? ಕಡೀಕ ಅಂದ್ಲು, "ವೆಬ್‌ಸೈಟಿನ ಹೆಸರು ಮಾತ್ರ ನಿಮ್ಮ ಹೆಸರಲೇ ತುಗೋಬೇಕ್ರಿ ಅಮ್ಮಾರ. ನಿಮ್ಮ ಆಧಾರ, ನಿಮ್ಮ ಫೋನ್. ಕೀಲಿ ನಿಮ್ಮ ಕೈಯಾಗ ಇರಬೇಕು. ನಾ ಬರೇ ಕಟ್ಟಿ ಕೊಡಾಕಿ. ಒಂದ ತಿಂಗಳ ಹಿಡೀತೈತಿ."

ನನಗ ತಲಿ ಕೆಟ್ಟಿತು. ಕೇಳಾಕ ಬಂದಾವ್ರು ನಾವು, ಕೇಳಾಕತ್ತಾಕಿ ಅಕಿ. ಮೆಟ್ಟಲಾ ಇಳಿಯೂಮುಂದ ಅಂದೆ, "ತನ್ನ ಕಾಲಾಗಿನ ಚಪ್ಪಲಿ ಸುದ್ದ ಇಟಗೊಳ್ಳಾಕ ಆಗಲಾರದಾಕಿ ನಮ್ಮ ಚಪ್ಪಲಿ ಏನ ಮಾರ್ಯಾಳು?"

"ಆಯಿ, ಮೆಲ್ಲಗ ಮಾತಾಡು! ಕೇಳಿಸ್ತೈತಿ."

"ಕೇಳಸ್ಲಿ."

ನಿಪ್ಪಾಣ್ಯಾಗ ಗಾಜಿನ ಬಾಗಲಾ, ತಂಪ ಗಾಳಿ, ಹೋದಕೂಡಲೆ ಚಾ. ಬಾಗಲಾಗ ಒಂದ ಜೋಡು ಅಸಲಿ ಕೈಹೊಲಿಗಿ ಚಪ್ಪಲಿ. ಎಣ್ಣಿ ಹಚ್ಚಿ ಹೊಳ್ಯಾಕತ್ತಿತ್ತು. ನಾ ಬಗ್ಗಿ ಹೊಳ್ಳಿಸಿ ನೋಡಿದೆ. ತಳಾ ನಿನ್ನೆ ಹೊಲದಂಗ. ಒಂದ ಗೀರು ಇಲ್ಲ. ಎಷ್ಟ ಜ್ವಾಕಿ ಮನಷ್ಯಾ ಇರಬೇಕು ಅಂದೆ. ಆ ಅಂಗಡಿ ಹುಡುಗ ಒಂದ ಪ್ರಶ್ನಿ ಕೇಳಲಿಲ್ಲ. "ಅಜ್ಜಿ, ಎಲ್ಲಾ ನಮಗ ಬಿಡ್ರಿ. ಎಂಟ ದಿನ. ನೀವು ಆರಾಮ ಇರ್ರಿ" ಅಂದ. ಆರಾಮ ಅನ್ನೂ ಮಾತು ಕೇಳಿ ನಲವತ್ತ ವರ್ಷ ಆಗಿತ್ತು. ಅಲ್ಲೇ ಹೂಂ ಅಂದೆ.

ರೇಣು ನನ್ನ ಸೆರಗ ಜಗ್ಗಿದ್ಲು. "ಆಯಿ, ಚಿಕ್ಕೋಡಿಯಾಕಿನ ಛಲೋ ಅನಸ್ತಾಳ. ಇಂವ ಏನೂ ಕೇಳವಲ್ಲ."

"ನೀ ಪುಸ್ತಕ ನೋಡಿದಾಕಿ, ನಾ ಕಾಲ ನೋಡಿದಾಕಿ" ಅಂದೆ. ಇಂಥಾ ಮಾತು ಆಡೂಮುಂದ ನನ್ನ ಬಾಯಾಗ ಯಾರರ ಚರ್ಮದ ತುಂಡರ ತುರುಕಬೇಕಿತ್ತು.

ಎಂಟ ದಿನಕ್ಕ ವೆಬ್‌ಸೈಟ್ ಬಂತು, ಅದು ಖರೇ. ಮ್ಯಾಲ ಬಾಳವ್ವ ಅಂತ ನನ್ನ ಹೆಸರು. ಕೆಳಗ ಯಾರೋ ಬೆಳ್ಳನ್ನ ಹೆಂಗಸು ಎತ್ತರ ಹಿಮ್ಮಡದ ಬೂಟು ಹಾಕ್ಕೊಂಡು ನಿಂತಾಳ. "ಇಕಿ ಯಾರ?" ಅಂತ ಸೊಸಿ ಕೇಳಿದ್ಲು. "ಬಾಳವ್ವನ ತಂಗಿ ಇರಬೇಕು" ಅಂದ್ರು ನಮ್ಮನಿಯವ್ರು. ನಾ ಲಕ್ಷ್ಯ ಕೊಡಲಿಲ್ಲ. ನನ್ನ ಹೆಸರು ಅಷ್ಟ ನೋಡಿದೆ. ಓಣಿಗೆಲ್ಲಾ ಸಕ್ಕರಿ ಹಂಚಿದೆ.

ಕೆಲವು ಗಿರಾಕಿಗೋಳು ಬಂದ್ರು. ನಂಬರು ಹೇಳತಿದ್ರು, ಏಳು, ಎಂಟು ಅಂತ. ನಾವು ಮಾಡಿ ಕಳಸತಿದ್ವಿ, ಅರ್ಧಕ್ಕರ್ಧ ಬಿಗಿ ಆಗಿ ಹೊಳ್ಳಿ ಬರತಿದ್ವು. ಮುಂಬೈಯಿಂದ ಒಬ್ಬ ಸಾಹೇಬ್ರು ಬರದಿದ್ರು: ನಿಮ್ಮ ಚಪ್ಪಲಿ ಮುರದಾವ, ಹೆಜ್ಜಿಗೊಮ್ಮೆ ಅಳತಾವ ಅಂತ. ನಮ್ಮ ಕಡೆ ಗಂಡಸ್ರ ಜೋಡಿನ ತಳದ ಪದರಿನ್ಯಾಗ ಬೀಜಾ ಇಟ್ಟು ಹೊಲೀತೀವಿ, ನಡದ್ರ ಕರ್ರ್ ಕರ್ರ್ ಅನ್ನಬೇಕು, ಮನಷ್ಯಾ ಬರೂ ಮೊದಲ ಸಪ್ಪಳ ಬರಬೇಕು. ಅದು ಗತ್ತು. ಆ ಮಾತು ವೆಬ್‌ಸೈಟಿನ್ಯಾಗ ಹಾಕಸೂಣು ಅಂತ ರೇಣು ನಿಪ್ಪಾಣಿಗೆ ಫೋನ್ ಮಾಡಿದ್ಲು. ಎತ್ತಲಿಲ್ಲ. ಮತ್ತ ಮಾಡಿದ್ಲು. ಮುಂದಿನ ವಾರ ಅಂದ. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ವರ್ಷ ತುಂಬಿದ ಮ್ಯಾಲ ಒಂದ ಮುಂಜಾನೆ ರಾಯಬಾಗದಿಂದ ಒಬ್ಬ ಹೆಣ್ಮಗಳು ಚೀಲಾ ಹಿಡಕೊಂಡು ಮನಿ ಹುಡಕೊಂಡ ಬಂದ್ಲು.

"ಇಲ್ಲೆ ಬಾಳವ್ವ ಅಂದ್ರ ಯಾರ್ರಿ?"

ನಾ ಖುಷೀಲೆ, "ನಾನ ನೋಡವಾ, ಬಾ ಕೂಡ್ರು" ಅಂದೆ.

"ಕೂಡ್ರಾಕ ಬಂದಿಲ್ರಿ. ವಯಸ್ಸಾದವ್ರು ಅದೀರಿ, ಹಿಂಗ ಮಾಡಬಾರದು." ಚೀಲದಿಂದ ಒಂದ ಜೋಡು ತಗದು ಕಟ್ಟಿ ಮ್ಯಾಲ ಇಟ್ಲು. ತಳಾ ಬಾಯಿ ತೆರದಿತ್ತು. ಒಳಗ ರಟ್ಟು, ಒಣಗಿದ ಅಂಟು. ಮಶೀನಿನ ಮಾಲು. ಹಿಮ್ಮಡದ ಮ್ಯಾಲ ಶಿಕ್ಕಾ: ಬಾಳವ್ವ.

ನಮ್ಮ ವೆಬ್‌ಸೈಟ್ ತಗದ ನೋಡಿದ್ರ ಎತ್ತರ ಬೂಟಿನಾಕಿ ಹೋಗಿದ್ಲು. ಬ್ಯಾರೆ ಯಾರದೋ ಮಾಲು, ಬ್ಯಾರೆ ಯಾರದೋ ಫೋನ್ ನಂಬರ್. ಹೆಸರು ಅಷ್ಟ ನಂದು. ಇಷ್ಟ ವರ್ಷ ನನ್ನ ಮಾಲಿನ ಮ್ಯಾಲ ಮಂದಿ ಹೆಸರು ಇತ್ತು. ಅದನ್ನ ಹ್ಯಾಂಗೋ ತಡಕೊಂಡಿದ್ದೆ. ಮಂದಿ ಹೊಲಸ ಮಾಲಿನ ಮ್ಯಾಲ ನನ್ನ ಹೆಸರು ತಡಕೊಳ್ಳಾಕ ಆಗಲಿಲ್ಲ. ಆ ಹೆಣ್ಮಗಳಿಗೆ ನಮ್ಮ ಮನ್ಯಾಗಿನ ಒಂದ ಜೋಡು ಕೊಟ್ಟು, ಕೈ ಮುಗದು ಕಳಿಸಿದೆ.

ಮರುದಿನ ನಿಪ್ಪಾಣಿಗೆ ಹೋದ್ವಿ. ಆ ಹುಡುಗ ತಲಿ ಎತ್ತಲಾರದ ಅಂದ, "ಆ ಹೆಸರು ನಮ್ಮ ಖಾತೆದಾಗ ತುಗೊಂಡಿದ್ವಿ. ವರ್ಷಾದ ಮ್ಯಾಲ ನೀವು ರೊಕ್ಕಾ ಕಟ್ಟಿ ಹೊಳ್ಳಿ ಮಾಡಸಲಿಲ್ಲ, ಬ್ಯಾರೇದವ್ರು ಕೇಳಿದ್ರು, ಕೊಟ್ವಿ."

"ಮಾಡಸಬೇಕಂತ ನೀವು ಹೇಳಲೇ ಇಲ್ಲ. ಫೋನೂ ಎತ್ತಲಿಲ್ಲ" ಅಂದ್ಲು ರೇಣು.

"ನನ್ನ ಹೆಸರು ಯಾರಿಗೆ ಕೊಟ್ಟಿ ತಮ್ಮಾ?" ಅಂದೆ ನಾ.

"ಬಾಳವ್ವ ಅಂದ್ರ ನೀವ ಒಬ್ರ ಏನ್ರಿ ಅಜ್ಜಿ? ಊರ ತುಂಬ ಬಾಳವ್ವಗೋಳು."

ನಾ ಸೆರಗ ಹೊತ್ತು ಹೊರಗ ನಡದೆ. ಬಾಗಲಾಗ ಬಂದಾಗ ಅದೇ ಜೋಡು ಅದೇ ಜಾಗಾದಾಗ. ಎಣ್ಣಿ ಹಚ್ಚಿದ್ದು. ಹೊಳ್ಳಿಸಿ ನೋಡಿದೆ. ವರ್ಷಾತು, ತಳಾ ಇನ್ನೂ ಹೊಸಾದು. ಅಂವ ಅದನ್ನ ಹಾಕ್ಕೊಂಡು ನಡದೇ ಇಲ್ಲ. ಮಂದಿ ನೋಡ್ಲಿ ಅಂತ ಇಟ್ಟಿದ್ದು. ತಳಾ ಸವೆದಿಲ್ಲ ಅಂದ್ರ ಜ್ವಾಕಿ ಅಲ್ಲ, ನಡಿಗೀನ ಇಲ್ಲ ಅಂತ ನಲವತ್ತ ವರ್ಷ ಚಪ್ಪಲಿ ಮಾಡಿದಾಕಿಗೆ ಹೊಳೀಲಿಲ್ಲ ನೋಡ್ರಿ.

ಹೊಳ್ಳಿ ಬಸ್ ಹತ್ತಿದ್ವಿ. ರೇಣು ಬೈದಿದ್ರ ಛಲೋ ಇತ್ತು. ಬೈಲಿಲ್ಲ. ನನ್ನ ಕೈ ಹಿಡಕೊಂಡ ಕೂತಿದ್ಲು. (ಹೊಗಳಾಕತ್ತಿಲ್ಲ, ನಡದದ್ದ ಬರೀತೇನಿ.)

ಮನಿಗೆ ಬಂದು ಕಟ್ಟಿ ಮ್ಯಾಲ ಕೂತು ಅಂದೆ, "ನನಗ ಕಾಲ ನೋಡಾಕ ಬರೂದಿಲ್ಲ."

ನಮ್ಮನಿಯವ್ರು ಚರ್ಮ ಕೊಯ್ಯೂ ರಂಪಿಗಿ ಕೆಳಗಿಟ್ರು. "ಏ ಬಾಳವ್ವ, ಮಂದಿ ಕಾಲ ಬಿಡು. ನಿನ್ನ ಕಾಲ ಎಂದರ ನೋಡೀಯೇನು?"

ನೋಡಿದೆ. ನೀಲಿ ರಬ್ಬರ್ ಚಪ್ಪಲಿ. ಎಡಗಾಲಿನ ಉಂಗುಟಕ್ಕ ಪಿನ್ನ.

ಮಾರೂ ಮಾಲು ನಾವ ಹಾಕ್ಕೊಂಡ್ರ ಹ್ಯಾಂಗ ಅಂತ ಈ ಓಣ್ಯಾಗ ಎಲ್ಲಾರ ಕಾಲಾಗೂ ರಬ್ಬರ್ ಚಪ್ಪಲಿನ. ನಾ ಹುಟ್ಟಿದಾಗಿಂದ ನನ್ನ ಕೈಯಾಗಿನ ಚಪ್ಪಲಿ ನನ್ನ ಕಾಲಿಗೆ ಬಂದಿಲ್ಲ. "ನಿನ್ನ ಲೆಕ್ಕ ಹಿಡದಿದ್ರ ನಮ್ಮವ್ವ ನಿನ್ನ ಬಾಗಲಾಗಿಂದನ ಹೊಳ್ಳಿ ಕಳಸತಿದ್ಲು" ಅಂದ್ರು ಅವರು. ಆ ಮಾತಿಗೆ ನಾನೂ ನಕ್ಕೆ. ನಕ್ಕು ನಕ್ಕು ಅತ್ತೆ. ಸೊಸಿ ನೀರ ತಂದು ಕೊಟ್ಲು.

ಎಂಟ ದಿನಾ ಬಿಟ್ಟು ಚಿಕ್ಕೋಡಿಗೆ ಹೋದ್ವಿ. ಸವಿತಾ ಗುರುತ ಹಿಡದ್ಲು. "ಬರ್ರಿ ಅಮ್ಮಾರ. ಹೋದ ಸಲಾ ನನ್ನ ಕಾಲ ಭಾಳ ನೋಡಿದ್ರಿ. ಏನರ ತುಳದೇನೇನು ಅಂತ ನೀವು ಹೋದಮ್ಯಾಲ ಎರಡ ಸಲಾ ಕಾಲ ತೊಳಕೊಂಡೆ."

ನಾ ನನ್ನ ಪಿನ್ನಿನ ಚಪ್ಪಲಿ ತೋರಿಸಿ, "ತಪ್ಪ ನಂದು ತಂಗಿ" ಅಂದೆ. ನಡದದ್ದೆಲ್ಲಾ ಹೇಳಿದೆ. ಅಕಿ ನಗಲಿಲ್ಲ.

"ಹೋದ ಹೆಸರು ತರಾಕ ನನ್ನ ಕೈಲೆ ಆಗೂದಿಲ್ರಿ. ಸುಳ್ಳ ಯಾಕ ಹೇಳಲಿ? ಹೊಸಾದು ಮಾಡೂಣು. ಅದಕ್ಕ ಮೊದಲ ಒಂದ ಕೆಲಸ ಮಾಡ್ರಿ." ಮೂರ ಫೋನ್ ನಂಬರ್ ಬರದ ಕೊಟ್ಲು. ಅಕಿ ಕೈಲೆ ಮಾಡಿಸಿಕೊಂಡವ್ರು ಅವರು: ಒಬ್ರು ಬೆಲ್ಲ ಮಾಡೂವ್ರು, ಒಬ್ಬ ಟೇಲರ್, ಒಬ್ರು ಸಸಿ ಮಾರೂವ್ರು. "ಇವರಿಗೆ ಫೋನ್ ಮಾಡಿ ಕೇಳ್ರಿ. ನಾ ಹೊರಗ ನಿಂದರತೀನಿ. ನನ್ನ ಮುಂದ ಆದ್ರ ಕೆಟ್ಟದ್ದು ಹೇಳಾಕ ನಾಚತಾರ."

ಬೆಲ್ಲದವ್ರು ಅಂದ್ರು, "ಏ ಅವ್ವಾ, ಪ್ರಶ್ನಿ ಕೇಳಿ ಕೇಳಿ ತಲಿ ತಿಂತಾಳ್ರಿ ಆ ಹುಡುಗಿ. ನಮ್ಮ ಗಾಣದ ಎತ್ತಿನ ಹೆಸರೂ ಕೇಳಿದ್ಲು. ಖರೇ ಫೋನ್ ಎತ್ತತಾಳ ನೋಡ್ರಿ. ಎಂದೂ ತಪ್ಪಸಿಲ್ಲ."

ನನಗ ಅತ್ತಿ ನೆಪ್ಪಾದ್ಲು. ಕಾಲು ಅವಂದು, ನೀ ಯಾಕ ಮಾತಾಡತಿ, ಕೇಳು. ಈ ಹುಡುಗಿ ವರ್ಷದ ಹಿಂದ ಮಾಡಿದ್ದು ಅದನ್ನ. ಕಾಗದದ ಮ್ಯಾಲ ನಮ್ಮ ಕಾಲ ಇಡಸಿ ಎಲ್ಲಿ ಒತ್ತತೈತಿ ಅಂತ ಕೇಳಿದ್ಲು. ನಾ ಸಿಟ್ಟಾಗಿ ಎದ್ದ ಬಂದಿದ್ದೆ.

ಹುಡುಗ್ಯಾರ್ರ, ನಾಳಿ ನೀವೂ ನಿಮ್ಮ ನಿಮ್ಮ ಹೆಸರಲೆ ಮಾರಾಕ ಹೋಗತೀರಿ. ಆವಾಗ ಗಾಜಿನ ಬಾಗಲಾ ನೋಡಬ್ಯಾಡ್ರಿ, ಚಾ ಕುಡದು ಹೂಂ ಅನಬ್ಯಾಡ್ರಿ. ಏನೂ ಕೇಳಲಾರದ ಎಲ್ಲಾ ನಮಗ ಬಿಡ್ರಿ ಅನ್ನಾಂವನ್ನ ಬಿಟ್ಟ ಬಿಡ್ರಿ. ಹೆಸರು ಯಾರ ಕಾಗದಪತ್ರದ ಮ್ಯಾಲ ಹತ್ತತೈತಿ ಅಂತ ಮೊದಲ ಕೇಳ್ರಿ. ಫೋಟೋ ಬದಲಿ ಮಾಡೂದು, ಮಾತು ತಿದ್ದೂದು ನೀವ ಕಲೀರಿ, ಇಲ್ಲಾಂದ್ರ ಒಂದ ಸಾಲಿಗೆ ವರ್ಷಗಟ್ಟಲೆ ಕಾಯಬೇಕು. 'ಹೋದದ್ದು ತರಾಕ ನನ್ನ ಕೈಲೆ ಆಗೂದಿಲ್ಲ' ಅಂತ ಹೇಳೂ ಧೈರ್ಯ ಇದ್ದವ್ರನ್ನ ಹುಡಕ್ರಿ. ಇಷ್ಟ ಕಲ್ಯಾಕ ನನಗ ನನ್ನ ಹೆಸರ ಹೋತು.

ಸವಿತಾ ರೇಣುನ್ನ ತನ್ನ ಕುರ್ಚ್ಯಾಗ ಕೂಡಿಸಿ, ಹೆಸರು ತುಗೊಳ್ಳೂದನ್ನ ಅಕಿ ಕೈಲೇನ ಮಾಡಸಿದ್ಲು. ಪಾಸ್‌ವರ್ಡ್ ಅನ್ನೂ ಕೀಲಿ ಮಾತು ರೇಣು ಒಬ್ಬಾಕಿಗೇ ಗೊತ್ತು. ಸವಿತಾ ಅತ್ತ ಮಾರಿ ಮಾಡಿ ನಿಂತಿದ್ಲು. ಹೆಸರು ಏನಿಡೂದು ಅಂತ ಕೇಳಿದಾಗ ನಿಪ್ಪಾಣಿಯಾಂವಗ ಅಂದು ಕೊಡಲಾರದ ಉತ್ತರಾ ಈಗ ಬಂತು: "ಅಥಣಿ ಬಾಳವ್ವ ಅಂತ ಇಡ್ರಿ. ಊರ ತುಂಬ ಬಾಳವ್ವಗೋಳು ಇರಲಿ, ಎರಡ ಸುತ್ತು ಹಾಕಾಕಿ ಅಥಣ್ಯಾಗ ಒಬ್ಬಾಕಿನ."

"ಎರಡ ಸುತ್ತು ಅಂದ್ರ ಏನ್ರಿ?" ಅಂತ ಅಕಿ ಕೇಳಿದ್ಲು. ಕೇಳದ ಬಿಡಾಕಿ ಅಲ್ಲ. ಎರಡ ಎಡಗಾಲಿನ ಕಥಿ ಹೇಳಿದೆ. ಮುಂದಿನ ವಾರ ಅಥಣಿಗೆ ಬಂದು ಸೊಸಿ ಹೆಣ್ಯೂದನ್ನ, ನಾ ಬಾಜೂಕ ಕೂತು ಕಡೀ ಎಳಿ ಎರಡ ಸುತ್ತು ಹಾಕೂದನ್ನ ವಿಡಿಯೋ ಮಾಡಿದ್ಲು. ನನ್ನ ಆಮಿ ಬೆನ್ನಿನ ಉಗುರು ಇಡೀ ಫೋನ್ ತುಂಬ ಕಾಣತೈತಿ. ತಗೀವಾ ಅಂದೆ. "ಹೆಸರು ಕದ್ದಾರು, ಈ ಉಗುರು ಎಲ್ಲಿಂದ ತಂದಾರ್ರಿ ಅಮ್ಮಾರ?" ಅಂದ್ಲು.

ನಂಬರು ಕೇಳೂದು ಬಿಟ್ವಿ. ಕಾಗದದ ಮ್ಯಾಲ ಕಾಲ ಇಟ್ಟು, ಸುತ್ತ ಗೆರಿ ಹೊಡದು ಫೋಟೋ ಕಳಸ್ರಿ, ಎಲ್ಲಿ ಒತ್ತತೈತಿ ಬರೀರಿ ಅಂತ ಅದರಾಗ ಐತಿ. ನಮ್ಮತ್ತಿ ಮಾತು ಅದು, ಹಂಗ ಹಾಕಸೇವಿ. ಗಂಡಸ್ರ ಜೋಡಿನ ಫೋಟೋ ಬಾಜೂಕ ಒತ್ತೂ ಜಾಗಾ ಐತಿ, ಒತ್ತಿದ್ರ ಕರ್ರ್ ಕರ್ರ್ ಅಂತ ಸಪ್ಪಳ. ನಮ್ಮನಿಯವ್ರು ಆವತ್ತ ಕೆಲಸ ಬಿಟ್ಟು ಅದನ್ನ ಒತ್ತಿಕೋಂತ ಕೂತ್ರು. ಬೆಕ್ಕು ಮನಿ ಬಿಟ್ಟ ಓಡಿತು.

ಪೈಲಾ ಬೇಡಿಕಿ ಬಂದಿದ್ದು ದೂರದ ಊರಿನ ಒಬ್ರು ಸಾಲಿ ಕಲಸೂ ಬಾಯಾರದ್ದು. ಕಾಲಿನ ಗೆರಿ ಕಳಿಸಿ, ಬಲಗಾಲಿನ ಹೆಬ್ಬೆಟ್ಟಿನ ಬುಡಕ್ಕ ಒತ್ತತೈತಿ ಅಂತ ಬರದಿದ್ರು. ಮಗಾ ತಳಾ ಕೊಯ್ದ, ಅವರಪ್ಪ ಬಡದ್ರು, ಸೊಸಿ ಹೆಣದ್ಲು. ರೇಣು ಹಿತ್ತಾಳಿ ಶಿಕ್ಕಾ ಮಾಡಿಸಿ ತಂದಿದ್ಲು, ಅಥಣಿ ಬಾಳವ್ವ ಅಂತ. ಕುಂಕುಮ ಹಚ್ಚಿ ನನ್ನ ಕೈಯಾಗ ಕೊಟ್ಲು. "ಆಯಿ, ನೀನ ಒತ್ತು."

ಬಾಜೂಕಿನ ಮನಿಯವ್ರು ಬಂದ ನಿಂತಿದ್ರು. ನಾ ಶಿಕ್ಕಾ ಹಿಮ್ಮಡದ ಮ್ಯಾಲ ಇಟ್ಟೆ. ಕಣ್ಣಾಗ ನೀರು. ಸುತಗಿ ಎತ್ತಿ ಹೊಡದೆ. ಎರಡೂದಕ್ಕೂ ಹೊಡದೆ. ಎತ್ತಿ ಎಲ್ಲಾರಿಗೂ ತೋರಿಸಿದೆ.

ಸೊಸಿ ಸೆರಗ ಬಾಯಿಗೆ ಹಚ್ಚಿಕೊಂಡ್ಲು.

"ನಲವತ್ತ ವರ್ಷ ಹಾದಿ ಕಾದು ಬಂದಾಕಿ," ಅಂದ್ರು ನಮ್ಮನಿಯವ್ರು, "ತಲಿಕೆಳಗಾಗಿ ನಿಂತ್ಲು ನೋಡ್ರಿ."

ಶಿಕ್ಕಾ ತಲಿಕೆಳಗ ಒತ್ತಿದ್ದೆ. ಎರಡೂ. ಒತ್ತಿದ ಚರ್ಮ ಹೊಳ್ಳಿ ಮೊದಲಿನಂಗ ಆಗೂದಿಲ್ಲ. ಬಾಯಾರಿಗೆ ಹೊಸಾ ಜೋಡು ಮಾಡಿ ಕಳಿಸಿದ್ವಿ. ಅದಕ್ಕ ಶಿಕ್ಕಾ ರೇಣು ಒತ್ತಿದ್ಲು, ನೆಟ್ಟಗ ಒತ್ತಿದ್ಲು, ಒಂದ ಕೂದಲೆಳಿ ಸೊಟ್ಟ ಇಲ್ಲ. ತಲಿಕೆಳಗಿನ ಜೋಡು ಏನ ಮಾಡೂದು ಅಂದಾಗ ರೇಣು ಅದನ್ನ ನನ್ನ ಕಾಲ ಮುಂದ ತಂದ ಇಟ್ಲು. ಒಂದ ಬಟ್ಟ ದೊಡ್ಡಾವು. ಹಾಕ್ಕೊಂಡೆ. ಜಲ್ಮದಾಗ ಮೊದಲ ಸಲಾ.

ಹೋದ ವಾರ ಅದನ್ನ ಹಾಕ್ಕೊಂಡ ಚಿಕ್ಕೋಡಿಗೆ ಹೋದೆ. ಬಸ್ಸಿನ್ಯಾಗ ಕಾಲ ಮುಂದ ಚಾಚಿ ಕೂತಿದ್ದೆ, ಕಂಡಕ್ಟರ್ ಎರಡ ಸಲಾ ಎಡವಿದ. ಸವಿತಾನ ಬಾಗಲಾಗ ಚಪ್ಪಲಿ ಬಿಟ್ಟೆ, ಅಕಿ ಪಿನ್ನಿನ ಚಪ್ಪಲಿ ಬಾಜೂಕ. ಒಳಗ ಕಾಲಿಟ್ಟು ಹೊಳ್ಳಿ ನೋಡಿದೆ. ನಾ ನಿಂತಲ್ಲಿಂದ ನನ್ನ ಹೆಸರು ನೆಟ್ಟಗ ಕಾಣಾಕತ್ತಿತ್ತು.

ಒಳಗ ಹೋಗಿ ಚೀಲದಿಂದ ಕಾಗದ ಪೆನ್ಸಿಲ್ ತಗದು ನೆಲದ ಮ್ಯಾಲ ಹಾಸಿದೆ. "ಕಾಲ ಇಡ ತಂಗಿ."

"ಬ್ಯಾಡ್ರಿ ಅಮ್ಮಾರ, ನನ್ನ ಕೆಲಸದ್ದು ನನಗ ಮುಟ್ಟೇತಿ."

"ನಾ ಕೇಳಿದ್ದು ಅದಲ್ಲ. ಎಲ್ಲಿ ಒತ್ತತೈತಿ?"

ಅಕಿ ಎಡಗಾಲ ಇಟ್ಲು. ಹೆಬ್ಬೆಟ್ಟಿನ ಸಂದಿನ್ಯಾಗ ಪಿನ್ನ ಚುಚ್ಚಿದ ಗಾಯ ಇತ್ತು. ಅಲ್ಲೆ ಒಂದ ಎಳಿ ಜಾಗಾ ಬಿಟ್ಟು ಗೆರಿ ಎಳದೆ.

ಆ ಜೋಡಿನ ಹೆಣಿಗಿ ನಾನ ಹೆಣೀತೀನಿ ಅಂತ ಹಟಾ ಹಿಡದ ಕೂತೇನಿ. ಕಣ್ಣು ಕಾಣೂದಿಲ್ಲ, ಬೆರಳಿಗೆ ಗೊತ್ತೈತಿ. ಎಡಗಾಲಿಂದು ನಿನ್ನೆ ಮುಗೀತು. ಈಗ ಮಡಿಲಾಗ ಇರೂದು ಬಲಗಾಲಿಂದ ಹೌದಲ್ಲೋ ಅಂತ ರೇಣು ಮುಂಜಾನಿಯಿಂದ ಮೂರ ಸಲಾ ಬಂದು ನೋಡಿ ಹೋಗ್ಯಾಳ.